ಜಲ್ಲಿ ಗಣಿಗೆ ಮುನ್ನ ಮೇಲ್ಮಣ್ಣಿನ ಲೆಕ್ಕ: ಸರಾಸರಿ ಆಳವನ್ನು ಎಷ್ಟು ನಂಬಬಹುದು?

ಗಣಿ ಯೋಜಕ:

ಎಲ್ಲರಿಗೂ ನಮಸ್ಕಾರ. ಆರು ಹೆಕ್ಟೇರ್ ವಿಸ್ತಾರದ ಜಾಗವೊಂದರಲ್ಲಿ ಜಲ್ಲಿ ತೆಗೆಯುವ ಕೆಲಸ ಆರಂಭವಾಗಲಿದೆ. ಅದಕ್ಕೂ ಮುನ್ನ ಮೇಲ್ಮಣ್ಣನ್ನು ಸುಲಿದು ಕಾಪಿಟ್ಟು, ಗಣಿ ಮುಗಿದ ಮೇಲೆ ಅದೇ ಮಣ್ಣನ್ನು ಹರಡಿ ನೆಲವನ್ನು ಹುಲ್ಲುಗಾವಲಾಗಿ ಮರಳಿಸುವ ಯೋಜನೆಯನ್ನು ಬರೆಯುವ ಹೊಣೆ ನನ್ನದು. ಇದು ಬಂಡೆ ಒಡೆದು ಮಾಡುವ ಜಲ್ಲಿಯಲ್ಲ. ಒಂದು ಕಾಲದಲ್ಲಿ ಹೊಳೆ ಹರಿದು ಬಿಟ್ಟುಹೋದ ಉರುಟುಗಲ್ಲು ಮತ್ತು ಮರಳಿನ ಪದರ. ಅದರ ಮೇಲೆ ಕೂತಿರುವ ಮಣ್ಣು ಕೆಲವೆಡೆ ದಪ್ಪ, ಕೆಲವೆಡೆ ತೀರ ತೆಳು.

ಕೈಬೈರಿಗೆಯಿಂದ ಒಂಬತ್ತು ಕಡೆ ಕೊರೆದು ನೋಡಿದ್ದೇನೆ. ಕಪ್ಪು ಮಣ್ಣಿನ ಆಳ 12 ಸೆಂಟಿಮೀಟರಿನಿಂದ 50 ಸೆಂಟಿಮೀಟರಿನವರೆಗೆ ಬಂದಿದ್ದು, ಸರಾಸರಿ 30 ಆಗುತ್ತದೆ. ಆರು ಹೆಕ್ಟೇರಿಗೆ ಅದು 18,000 ಘನ ಮೀಟರ್. ಸಾಗಣೆಯಲ್ಲಿ ಸ್ವಲ್ಪ ನಷ್ಟವಾದರೂ ಕೊನೆಯಲ್ಲಿ 25 ಸೆಂಟಿಮೀಟರ್ ದಪ್ಪಕ್ಕೆ ಹರಡಬಹುದೆಂದು ಕರಡಿನಲ್ಲಿ ಬರೆದಿದ್ದೇನೆ. ಒಂಬತ್ತು ರಂಧ್ರಗಳು ಸಾಕೇ, ಪ್ರಯೋಗಾಲಯಕ್ಕೆ ಯಾವ ಪರೀಕ್ಷೆಗಳನ್ನು ಕೇಳಬೇಕು ಎಂಬುದು ನನ್ನ ಪ್ರಶ್ನೆ. ಇನ್ನೊಂದು ವಿಚಿತ್ರವೆಂದರೆ, ಒಂದು ರಂಧ್ರದಲ್ಲಿ ಕಂದು ಮಣ್ಣಿನ ಕೆಳಗೆ, ಸುಮಾರು 80 ಸೆಂಟಿಮೀಟರ್ ಆಳದಲ್ಲಿ, ಮತ್ತೆ ಕಪ್ಪು ಪಟ್ಟಿಯೊಂದು ಕಾಣಿಸಿತು. ಅದನ್ನೂ ಮೇಲ್ಮಣ್ಣಿನ ಲೆಕ್ಕಕ್ಕೆ ಸೇರಿಸಬಹುದೇ?

ಮಣ್ಣು ವಿಶ್ಲೇಷಕಿ:

ಪ್ರಯೋಗಾಲಯದ ಮಾತು ಆಮೇಲೆ. ಮೊದಲು ಎರಡು ವಿಷಯ ತಿಳಿಸಿ. ಆ ಒಂಬತ್ತು ರಂಧ್ರಗಳನ್ನು ಯಾವ ಆಧಾರದ ಮೇಲೆ ಆರಿಸಿದಿರಿ? ಕೊರೆಯುವಾಗ ಬೈರಿಗೆ ಕಲ್ಲಿಗೆ ತಾಗಿದರೆ ಏನು ಮಾಡಿದಿರಿ?

ಗಣಿ ಯೋಜಕ:

ಜಾಗದ ಉದ್ದಗಲಕ್ಕೂ ಹರಡಿಕೊಂಡಿರುವಂತೆ ಕಣ್ಣಂದಾಜಿನಲ್ಲಿ ಆರಿಸಿದೆ. ಕಲ್ಲಿಗೆ ತಾಗಿದಾಗ ನಾಲ್ಕೈದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಕೊರೆದೆ. ದಿಬ್ಬದ ಮೇಲೆ ಹಲವು ಬಾರಿ ಹೀಗಾದ ಕಾರಣ ಅಲ್ಲಿ ಎರಡೇ ರಂಧ್ರಗಳಿವೆ. ಹಳೆಯ ಹೊಳೆಯ ಪಾತ್ರದಂತೆ ಕಾಣುವ ತಗ್ಗಿನಲ್ಲಿ ಕೊರೆಯುವುದು ಸುಲಭವಾಗಿದ್ದರಿಂದ ಅಲ್ಲಿ ನಾಲ್ಕು ಆದವು.

ಮಣ್ಣು ವಿಶ್ಲೇಷಕಿ:

ಲೆಕ್ಕ ತಪ್ಪಿರುವುದು ಅಲ್ಲೇ. ರಂಧ್ರಗಳ ಸಂಖ್ಯೆಗಿಂತ ದೊಡ್ಡ ತೊಂದರೆ ಅವು ಎಲ್ಲಿ ಬಿದ್ದಿವೆ ಎಂಬುದು. ಬೈರಿಗೆ ಎಲ್ಲಿ ಸಲೀಸಾಗಿ ಇಳಿಯುತ್ತದೆಯೋ ಅಲ್ಲಿ ಮಣ್ಣು ಆಳವಾಗಿರುತ್ತದೆ. ಎಲ್ಲಿ ಇಳಿಯುವುದಿಲ್ಲವೋ ಅಲ್ಲಿ ಮಣ್ಣು ತೆಳುವಾಗಿರುತ್ತದೆ ಅಥವಾ ಕಲ್ಲೇ ಹೆಚ್ಚಿರುತ್ತದೆ. ಕಲ್ಲಿಗೆ ತಾಗಿದಾಗಲೆಲ್ಲ ಪಕ್ಕಕ್ಕೆ ಸರಿದ ನೀವು, ಗೊತ್ತಿಲ್ಲದೆಯೇ ಒಳ್ಳೆಯ ಮಣ್ಣನ್ನು ಮಾತ್ರ ಅಳೆದಿದ್ದೀರಿ. ಜಲ್ಲಿಯ ಮೇಲಿನ ಮಣ್ಣನ್ನು ಅಳೆಯುವ ಬಹುತೇಕ ಎಲ್ಲರೂ ಒಮ್ಮೆ ಮಾಡುವ ತಪ್ಪು ಇದು, ನಾನೂ ಮಾಡಿದ್ದೇನೆ.

ಇಂಥ ನೆಲಕ್ಕೆ ಬೈರಿಗೆ ಸಾಲದು, ಗುಂಡಿಯೇ ಬೇಕು. ಸಣ್ಣ ಎಕ್ಸ್‌ಕವೇಟರಿನಿಂದ ಒಂದೂವರೆ ಮೀಟರ್ ಆಳದ ಗುಂಡಿಗಳನ್ನು ತೋಡಿಸಿ, ಒಂದು ಬದಿಯ ಗೋಡೆಯನ್ನು ಕರಣೆಯಿಂದ ಕೆರೆದು ಶುಚಿ ಮಾಡಿ, ಪದರಗಳನ್ನು ಕಣ್ಣಿನಿಂದ ನೋಡಿ ಅಳೆಯಬೇಕು. ಗೋಡೆ ಸಡಿಲವಾಗಿದ್ದರೆ ಒಳಗೆ ಇಳಿಯದೆ, ಬಕೆಟ್ ಮೇಲೆತ್ತಿದ ಮಣ್ಣನ್ನು ಪದರವಾರು ನೆಲದ ಮೇಲೆ ಹರವಿ ನೋಡಿ. ಗುಂಡಿಗಳನ್ನು ತೋಡುವ ಮೊದಲು ಜಾಗವನ್ನು ಭೂರೂಪದ ಪ್ರಕಾರ ವಿಂಗಡಿಸಿಕೊಳ್ಳಿ. ನೀವು ಹೇಳಿದ್ದನ್ನು ಕೇಳಿದರೆ ತಗ್ಗು, ಸಮತಟ್ಟು, ದಿಬ್ಬ ಎಂಬ ಮೂರು ವಲಯಗಳು ಎದ್ದು ಕಾಣುತ್ತವೆ. ಪ್ರತಿ ವಲಯದ ಸರಾಸರಿಯನ್ನು ಆ ವಲಯದ ವಿಸ್ತೀರ್ಣದಿಂದ ಗುಣಿಸಿ ಕೂಡಬೇಕೇ ಹೊರತು ಎಲ್ಲ ರಂಧ್ರಗಳನ್ನೂ ಒಂದೇ ಬುಟ್ಟಿಗೆ ಹಾಕಿ ಭಾಗಿಸಬಾರದು.

80 ಸೆಂಟಿಮೀಟರ್ ಆಳದ ಕಪ್ಪು ಪಟ್ಟಿ ಬಹುಶಃ ಹಿಂದಿನ ನೆರೆಯಲ್ಲಿ ಹೂಳಿನ ಕೆಳಗೆ ಸಿಕ್ಕಿಬಿದ್ದ ಹಳೆಯ ನೆಲದ ಮೇಲ್ಮೈ. ಹೊಳೆಯ ಮೆಕ್ಕಲಿನಲ್ಲಿ ಇದು ಅಪರೂಪವಲ್ಲ. ಆದರೆ ಬಣ್ಣ ಕಪ್ಪಾಗಿದ್ದ ಮಾತ್ರಕ್ಕೆ ಅದು ಮೇಲ್ಮಣ್ಣಾಗುವುದಿಲ್ಲ. ಅಲ್ಲಿ ಈಗ ಜೀವಂತ ಬೇರುಗಳಿಲ್ಲ, ಮೊಳೆಯಬಲ್ಲ ಬೀಜವಿಲ್ಲ, ಮೇಲ್ಪದರದ ಸೂಕ್ಷ್ಮಜೀವಿಗಳೂ ಹೆಚ್ಚಿರುವುದಿಲ್ಲ. ಹಸಿ ಮಣ್ಣು ಒಣಮಣ್ಣಿಗಿಂತ ಕಪ್ಪಾಗಿ ಕಾಣುತ್ತದೆ, ಮ್ಯಾಂಗನೀಸ್ ಕಲೆಯೂ ಕಪ್ಪಾಗಿಯೇ ಇರುತ್ತದೆ. ಆದ್ದರಿಂದ ಬಣ್ಣದ ಜೊತೆಗೆ ಬೇರುಗಳ ದಟ್ಟಣೆಯನ್ನೂ ಹೆಂಟೆ ಒಡೆಯುವ ರೀತಿಯನ್ನೂ ನೋಡಿ. ಆ ಪಟ್ಟಿಯನ್ನು ಒಳಮಣ್ಣಿನ, ಅಂದರೆ ಮೇಲ್ಮಣ್ಣಿಗೂ ಜಲ್ಲಿಗೂ ನಡುವಿನ ಪದರದ, ಲೆಕ್ಕಕ್ಕೆ ಸೇರಿಸಿ.

ಯಂತ್ರ ಗುತ್ತಿಗೆದಾರ:

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಮಾತು. ಕಾಗದದ ಮೇಲೆ ಸೆಂಟಿಮೀಟರುಗಳಲ್ಲಿ ಬರೆಯುವವರು ನಮ್ಮ ಬಕೆಟ್ ಎಷ್ಟು ನಿಖರವಾಗಿ ಸುಲಿಯಬಲ್ಲದು ಎಂದು ಕೇಳುವುದೇ ಇಲ್ಲ. ಹಲ್ಲಿಲ್ಲದ ನೇರ ಅಂಚಿನ ಬಕೆಟ್, ಅನುಭವವಿರುವ ಚಾಲಕ, ಒಣ ನೆಲ ಇವು ಮೂರೂ ಇದ್ದರೆ ಐದಾರು ಸೆಂಟಿಮೀಟರ್ ಆಚೀಚೆಯಾಗಿ ಸುಲಿಯಬಹುದು. ಡೋಜರ್ ಬಿಟ್ಟು ತಳ್ಳಿಸಿದರೆ ಅಷ್ಟು ನಿಖರತೆ ಇರುವುದಿಲ್ಲ, ಮಣ್ಣು ಮತ್ತೆ ಮತ್ತೆ ಚೈನಿನ ಕೆಳಗೆ ಸಿಕ್ಕಿ ತುಳಿತಕ್ಕೂ ಒಳಗಾಗುತ್ತದೆ. ದಿಬ್ಬದ ಮೇಲಿನ ಹತ್ತು ಸೆಂಟಿಮೀಟರ್ ಮಣ್ಣನ್ನು ಜಲ್ಲಿ ಸೇರದಂತೆ ಸುಲಿಯುವುದು ಸುಲಭದ ಕೆಲಸವಲ್ಲ ಎಂಬುದನ್ನು ಯೋಜನೆಯಲ್ಲೇ ಬರೆದುಬಿಡಿ.

ನಮ್ಮ ಪದ್ಧತಿ ಹೀಗಿದೆ: ಎಕ್ಸ್‌ಕವೇಟರ್ ಈಗಾಗಲೇ ಸುಲಿದ ಪಟ್ಟಿಯಲ್ಲಿ ಕೆಳಗಿನ ಪದರದ ಮೇಲೆ ನಿಂತು, ಮುಂದಿನ ಪಟ್ಟಿಯ ಮೇಲ್ಮಣ್ಣನ್ನು ತನ್ನತ್ತ ಎಳೆದುಕೊಂಡು ಟಿಪ್ಪರಿಗೆ ತುಂಬುತ್ತದೆ. ಟಿಪ್ಪರ್ ಕೂಡ ಸುಲಿದ ನೆಲದಲ್ಲೇ ಓಡಾಡುತ್ತದೆ. ಸುಲಿಯದ ಮಣ್ಣಿನ ಮೇಲೆ ಚಕ್ರ ಹೋಗಕೂಡದು. ಸುಲಿಯುವ ದಿನ ಬೆಳಿಗ್ಗೆ ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡುತ್ತೇವೆ. ಅದು ಮೂರು ಮಿಲಿಮೀಟರ್ ದಪ್ಪದ ದಾರವಾಗಿ, ಮುರಿಯದೆ ಬಂದರೆ ಅಂದು ಯಂತ್ರ ಹೊರಡುವುದಿಲ್ಲ. ಪುಡಿಯಾದರೆ ಮಾತ್ರ ಕೆಲಸ. ಮರಳೇ ಹೆಚ್ಚಿರುವ ಮಣ್ಣು ಹೇಗೂ ದಾರವಾಗುವುದಿಲ್ಲ, ಅದಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ.

ಮಣ್ಣು ವಿಶ್ಲೇಷಕಿ:

ಸರಿಯಾದ ಮಾತು. ಹಸಿಯಾಗಿದ್ದಾಗ ತುಳಿದ ಮಣ್ಣಿನ ರಚನೆ ಹಾಳಾದರೆ ಅದನ್ನು ಗೊಬ್ಬರ ಹಾಕಿ ತಕ್ಷಣ ಸರಿಪಡಿಸಲಾಗದು.

ಈಗ ಪ್ರಯೋಗಾಲಯದ ವಿಷಯಕ್ಕೆ ಬರುತ್ತೇನೆ. ರಸಸಾರ (pH), ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಕಣರಚನೆ (ಮರಳು, ರೇವೆ, ಜೇಡಿಯ ಪಾಲು), ಲಭ್ಯ ರಂಜಕ ಮತ್ತು ಪೊಟ್ಯಾಶ್ ಇಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಒಣ ಪ್ರದೇಶದ ನೆಲವಾಗಿದ್ದರೆ ಸೋಡಿಯಂ ಹೀರಿಕೆಯ ಅನುಪಾತವನ್ನೂ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟಿದೆ ಎಂಬುದನ್ನೂ, ಕೇಳಿ. ತೋಯಿಸಿದ ಮಣ್ಣಿನ ಸಾರದಲ್ಲಿ ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದನ್ನು ಉಪ್ಪುಮಣ್ಣೆಂದು, ಸೋಡಿಯಂ ಅನುಪಾತ 13 ದಾಟಿದರೆ ಕ್ಷಾರಮಣ್ಣೆಂದು ಪರಿಗಣಿಸುವುದು ರೂಢಿ. ಮೇಲ್ಮಣ್ಣಿಗಿಂತ ಒಳಮಣ್ಣಿನಲ್ಲೇ ಇಂಥ ತೊಂದರೆ ಅಡಗಿರುವುದು ಹೆಚ್ಚು, ಆದ್ದರಿಂದ ಎರಡನ್ನೂ ಬೇರೆ ಬೇರೆ ಚೀಲಗಳಲ್ಲಿ ಕಳುಹಿಸಿ. ಎರಡು ಪದರಗಳನ್ನು ಬೆರೆಸಿ ಒಂದೇ ಮಾದರಿ ಮಾಡಿದರೆ ಬರುವ ಅಂಕಿ ಎರಡರಲ್ಲಿ ಯಾವುದಕ್ಕೂ ಸೇರಿದ್ದಾಗಿರುವುದಿಲ್ಲ. ಗುಂಡಿಯ ಗೋಡೆಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಹಾಕಿ. ನೊರೆ ಎಲ್ಲಿಂದ ಶುರುವಾಗುತ್ತದೆಯೋ ಸುಣ್ಣದಂಶ ಅಲ್ಲಿಂದ ಶುರು. ಇದಕ್ಕೆ ಪ್ರಯೋಗಾಲಯವೇ ಬೇಕಿಲ್ಲ.

ಒಂದು ಎಚ್ಚರಿಕೆ. ಪ್ರಯೋಗಾಲಯದವರು ಮಣ್ಣನ್ನು 2 ಮಿಲಿಮೀಟರ್ ಜರಡಿಯಲ್ಲಿ ಹಾಯಿಸಿ, ಕೆಳಗೆ ಬಿದ್ದದ್ದನ್ನು ಮಾತ್ರ ಪರೀಕ್ಷಿಸುತ್ತಾರೆ. ಸಾವಯವ ಇಂಗಾಲ ಶೇಕಡಾ 2 ಎಂದು ವರದಿ ಬಂದರೆ ಅದು ಜರಡಿ ದಾಟಿದ ಮಣ್ಣಿನ ಗುಣ. ನಿಮ್ಮ ನೆಲದ ಅರ್ಧ ಕಲ್ಲಾಗಿದ್ದರೂ ವರದಿಯಲ್ಲಿ ಅದು ಕಾಣುವುದಿಲ್ಲ. ಕಲ್ಲಿನ ಪಾಲನ್ನು ನೀವೇ ಜಾಗದಲ್ಲಿ ಅಳೆಯಬೇಕು. ಪ್ರತಿ ಗುಂಡಿಯಿಂದ ದೊಡ್ಡ ಬಕೆಟಿನಷ್ಟು ಮಣ್ಣನ್ನು ಜರಡಿ ಹಿಡಿದು, ಕಲ್ಲನ್ನೂ ಮಣ್ಣನ್ನೂ ಪ್ರತ್ಯೇಕವಾಗಿ ತೂಗಿ. ಆದರೆ ತೂಕದ ಶೇಕಡಾವಾರನ್ನು ಹಾಗೆಯೇ ಕಳೆಯಬೇಡಿ. ಕಲ್ಲಿನ ಸಾಂದ್ರತೆ ಸುಮಾರು 2.65, ಮಣ್ಣಿನದು ಸುಮಾರು 1.3 ಎಂದಿಟ್ಟುಕೊಂಡರೆ, ತೂಕದಲ್ಲಿ ಶೇಕಡಾ 40 ಇರುವ ಕಲ್ಲು ಘನಗಾತ್ರದಲ್ಲಿ ಶೇಕಡಾ 25ರಷ್ಟು ಜಾಗವನ್ನು ಮಾತ್ರ ಹಿಡಿದಿರುತ್ತದೆ.

ನೆಲದೊಡೆಯ:

ನಾನು ಗಣಿಯವನೂ ಅಲ್ಲ, ಮಣ್ಣಿನ ಪರಿಣತನೂ ಅಲ್ಲ. ಜಲ್ಲಿ ತೆಗೆಯಲು ನೆಲವನ್ನು ಬಿಟ್ಟುಕೊಟ್ಟು ಮರಳಿ ಪಡೆದವನು. ನಮಗೆ ಮಾತು ಕೊಟ್ಟಂತೆ 20 ಸೆಂಟಿಮೀಟರ್ ಮೇಲ್ಮಣ್ಣನ್ನು ಹರಡಿದರು, ಅಳೆದೂ ತೋರಿಸಿದರು. ಮೊದಲ ಮಳೆಗೆ ಹುಲ್ಲು ಚೆನ್ನಾಗಿಯೇ ಬಂತು. ಮಳೆ ನಿಂತು ವಾರ ಕಳೆಯುವಷ್ಟರಲ್ಲಿ ಒಣಗಿತು. ಮತ್ತೆ ಜೋರು ಮಳೆ ಬಂದಾಗ ಅದೇ ನೆಲದ ಮೇಲೆ ನೀರು ನಿಂತು ಹುಲ್ಲು ಕೊಳೆಯಿತು. ಒಂದೇ ಜಾಗ ಒಣಗುವುದೂ ಉಂಟು, ಕೊಳೆಯುವುದೂ ಉಂಟು ಎಂದರೆ ಯಾರೂ ನಂಬಲಿಲ್ಲ. ಗುದ್ದಲಿಯಿಂದ ಅಗೆದಾಗ 20 ಸೆಂಟಿಮೀಟರಿನ ಕೆಳಗೆ ಟಿಪ್ಪರುಗಳು ಓಡಾಡಿ ರಸ್ತೆಯಂತೆ ಗಟ್ಟಿಯಾದ ತಳ ಸಿಕ್ಕಿತು. ಬೇರುಗಳೆಲ್ಲ ಅಲ್ಲಿಗೆ ಬಂದು ಅಡ್ಡಕ್ಕೆ ತಿರುಗಿದ್ದವು. ಹಾಗಾಗಿ ಮೇಲ್ಮಣ್ಣು ಎಷ್ಟು ಎಂದು ಕೇಳುವಾಗ ಅದರ ಕೆಳಗೆ ಏನಿದೆ ಎಂದೂ ದಯವಿಟ್ಟು ಕೇಳಿ.

ಮಣ್ಣು ವಿಶ್ಲೇಷಕಿ:

ನಿಮ್ಮ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಮರಳುಗೋಡು ಮಣ್ಣು ಪ್ರತಿ 10 ಸೆಂಟಿಮೀಟರ್ ದಪ್ಪಕ್ಕೆ ಗಿಡಕ್ಕೆ ದಕ್ಕುವಂಥ ನೀರನ್ನು ಸುಮಾರು 12 ಮಿಲಿಮೀಟರ್ ಹಿಡಿಯುತ್ತದೆ ಎನ್ನೋಣ; 20 ಸೆಂಟಿಮೀಟರಿಗೆ 24 ಮಿಲಿಮೀಟರ್. ಬಿಸಿಲಿನ ದಿನ ಹುಲ್ಲು ಮತ್ತು ನೆಲ ಸೇರಿ ಐದು ಮಿಲಿಮೀಟರ್ ಕಳೆದುಕೊಂಡರೆ ಐದೇ ದಿನಕ್ಕೆ ಬರಿದು. ತಳ ಗಟ್ಟಿಯಾಗಿದ್ದರೆ ಬೇರು ಕೆಳಗಿಳಿದು ನೀರು ಹುಡುಕುವಂತಿಲ್ಲ, ಹೆಚ್ಚಾದ ಮಳೆನೀರು ಇಂಗುವಂತೆಯೂ ಇಲ್ಲ. ಒಣಗುವುದಕ್ಕೂ ಕೊಳೆಯುವುದಕ್ಕೂ ಕಾರಣ ಆ ಒಂದೇ ತಳ.

ತಳ ಸಡಿಲವಾಗಿದ್ದರೂ ಬರೀ ಜಲ್ಲಿಯ ಮೇಲೆ ಮೇಲ್ಮಣ್ಣನ್ನು ಹರಡಿದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಸಣ್ಣ ರಂಧ್ರಗಳ ಮಣ್ಣಿನಿಂದ ದೊಡ್ಡ ರಂಧ್ರಗಳ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಬಹುತೇಕ ತೊಯ್ದ ಮೇಲಷ್ಟೇ ಕೆಳಕ್ಕೆ ಜಾರುತ್ತದೆ, ಜಾರಿದ ನೀರು ಮತ್ತೆ ಮೇಲೇರುವುದಿಲ್ಲ. ಈ ಎರಡರ ನಡುವೆ ಒಳಮಣ್ಣು ಇರಬೇಕಾಗುತ್ತದೆ. ಯೋಜಕರೇ, ನಿಮ್ಮ ಕರಡಿನಲ್ಲಿ ಒಳಮಣ್ಣಿಗೆ ಏನೆಂದು ಬರೆದಿದ್ದೀರಿ?

ಗಣಿ ಯೋಜಕ:

ಹೇಳಲು ಮುಜುಗರವಾಗುತ್ತದೆ. "ಮೇಲ್ಹೊದಿಕೆಯ ತ್ಯಾಜ್ಯ" ಎಂಬ ತಲೆಬರಹದಡಿ ಹಾಕಿ, ಗಣಿಯ ಸುತ್ತಲಿನ ಬದುವಿಗೆ ಬಳಸುವುದಾಗಿ ಬರೆದಿದ್ದೇನೆ. ಗುಂಡಿಗಳನ್ನು ತೋಡಿಸಿ ಮತ್ತೆ ಬರುತ್ತೇನೆ.

ಸಸ್ಯ ಅಧ್ಯಯನಕಾರ:

ಯೋಜಕರು ಮರಳುವಷ್ಟರಲ್ಲಿ ರಾಶಿಯ ಬಗ್ಗೆ ಒಂದೆರಡು ಮಾತು. ಸುಲಿದ ಮಣ್ಣನ್ನು ರಾಶಿಗೇ ಹಾಕದೆ, ಗಣಿ ಮುಗಿದ ಇನ್ನೊಂದು ಭಾಗಕ್ಕೆ ಅದೇ ದಿನ ಒಯ್ದು ಹರಡುವುದಕ್ಕಿಂತ ಉತ್ತಮವಾದ ವಿಧಾನ ಇಲ್ಲ. ಬೀಜ, ಬೇರಿನ ತುಂಡು, ಬೇರುಗಳ ಜೊತೆ ಕೂಡಿ ಬಾಳುವ ಮೈಕೊರೈಝಾ ಶಿಲೀಂಧ್ರ ಎಲ್ಲವೂ ಜೀವಂತವಾಗಿಯೇ ಹೊಸ ಜಾಗ ಸೇರುತ್ತವೆ. ಮೊದಲ ಹಂತದಲ್ಲಿ ಇದು ಸಾಧ್ಯವಾಗದು, ಏಕೆಂದರೆ ಮುಗಿದ ಭಾಗವೇ ಇನ್ನೂ ಇರುವುದಿಲ್ಲ. ಆದರೆ ಎರಡನೇ ಹಂತದಿಂದ ಸಾಧ್ಯವಾಗುವಂತೆ ಗಣಿಯ ದಿಕ್ಕನ್ನೇ ಯೋಜಿಸಬಹುದು.

ರಾಶಿ ಹಾಕಲೇಬೇಕಾದರೆ ತಗ್ಗಾಗಿ ಹಾಕಿ, ಎರಡು ಮೀಟರ್ ಮೀರದಂತೆ. ರಾಶಿಯ ಒಡಲಿಗೆ ಗಾಳಿ ಹೋಗುವುದಿಲ್ಲ. ಅಲ್ಲಿ ಆಮ್ಲಜನಕ ಮುಗಿದು ಸಾರಜನಕ ಅಮೋನಿಯಂ ರೂಪದಲ್ಲಿ ಶೇಖರವಾಗುತ್ತದೆ. ಮರಳಿ ಹರಡಿದಾಗ ಗಾಳಿ ತಾಗಿ ಅದು ಬೇಗನೆ ನೈಟ್ರೇಟ್ ಆಗುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಹೊಸದಾಗಿ ಹರಡಿದ ಮಣ್ಣಿನಲ್ಲಿ ಕಳೆ ಒಮ್ಮೆಲೆ ಉಕ್ಕಿ ಬರುವುದಕ್ಕೆ ಇದೂ ಒಂದು ಕಾರಣ. ಬೀಜಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಐದು ಸೆಂಟಿಮೀಟರಿನಲ್ಲೇ ಇರುತ್ತವೆ. ಆ ಐದು ಸೆಂಟಿಮೀಟರ್ ಎರಡು ಮೀಟರ್ ರಾಶಿಯಲ್ಲಿ ಬೆರೆತರೆ ಮೊಳೆಯುವ ಆಳದಲ್ಲಿ ಉಳಿಯುವ ಬೀಜ ಎಷ್ಟೆಂದು ನೀವೇ ಊಹಿಸಿ. ಸ್ಥಳೀಯ ಸಸ್ಯಗಳೇ ಮರಳಬೇಕೆಂಬ ಗುರಿಯಿದ್ದರೆ ಮೇಲಿನ ತೆಳು ಪದರವನ್ನು ಪ್ರತ್ಯೇಕವಾಗಿ ಸುಲಿಯಬೇಕಾಗುತ್ತದೆ. ಆ ಜಾಗ ಈಗಾಗಲೇ ಹಠಮಾರಿ ಕಳೆಯಿಂದ ತುಂಬಿದ್ದರೆ ಇದೇ ವಾದ ತಿರುಗುಬಾಣವಾಗುತ್ತದೆ. ಆಗ ಅಂಥ ಭಾಗವನ್ನು ನಕ್ಷೆಯಲ್ಲಿ ಗುರುತಿಸಿ ಅದರ ಮಣ್ಣನ್ನು ಬೇರೆಯೇ ಇಡಿ.

ರಾಶಿಯ ಮೇಲೆ ಕೂಡಲೇ ಹುಲ್ಲು ಮತ್ತು ದ್ವಿದಳ ಸಸ್ಯಗಳ ಬೀಜ ಬಿತ್ತಿ. ಯಂತ್ರವನ್ನು ಹತ್ತಿಸಿ ರಾಶಿಯನ್ನು ಅಂದಗೊಳಿಸುವ ಉತ್ಸಾಹ ಬೇಡ.

ಗಣಿ ಯೋಜಕ:

ಹದಿನೇಳು ಗುಂಡಿಗಳನ್ನು ತೋಡಿಸಿದೆವು: ತಗ್ಗಿನಲ್ಲಿ ನಾಲ್ಕು, ಸಮತಟ್ಟಿನಲ್ಲಿ ಎಂಟು, ದಿಬ್ಬದಲ್ಲಿ ಐದು. ಫಲಿತಾಂಶವನ್ನು ಮುಚ್ಚಿಡದೆ ಬರೆಯುತ್ತೇನೆ.

ತಗ್ಗು 1.2 ಹೆಕ್ಟೇರ್, ಮೇಲ್ಮಣ್ಣು 45 ಸೆಂಟಿಮೀಟರ್, ಕಲ್ಲು ಇಲ್ಲವೆನ್ನುವಷ್ಟು ಕಡಿಮೆ. ಸಮತಟ್ಟು 3.3 ಹೆಕ್ಟೇರ್, 22 ಸೆಂಟಿಮೀಟರ್, ಘನಗಾತ್ರದಲ್ಲಿ ಶೇಕಡಾ 15 ಕಲ್ಲು. ದಿಬ್ಬ 1.5 ಹೆಕ್ಟೇರ್; 10 ಸೆಂಟಿಮೀಟರ್, ಶೇಕಡಾ 40 ಕಲ್ಲು. ಮೂರನ್ನೂ ಗುಣಿಸಿ ಕೂಡಿದರೆ 14,160 ಘನ ಮೀಟರ್ ಬರುತ್ತದೆ, ಅಂದರೆ ನಿಜವಾದ ಸರಾಸರಿ ಆಳ 23.6 ಸೆಂಟಿಮೀಟರ್. ಕಲ್ಲನ್ನು ಕಳೆದರೆ ಮಣ್ಣು 12,470ಕ್ಕೆ ಇಳಿಯುತ್ತದೆ, ಸುಲಿಯುವಾಗ ಮತ್ತು ಸಾಗಿಸುವಾಗ ಹತ್ತನೇ ಒಂದು ಭಾಗ ಕೈತಪ್ಪುತ್ತದೆಂದು ಹಿಡಿದರೆ 11,200. ಆರು ಹೆಕ್ಟೇರಿಗೆ ಹರಡಿದರೆ 19 ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ನಾನು 25 ಎಂದು ಬರೆದುಕೊಟ್ಟಿದ್ದರೆ ಕೊನೆಯಲ್ಲಿ ಸುಮಾರು ಒಂದೂವರೆ ಹೆಕ್ಟೇರಿಗೆ ಮಣ್ಣೇ ಇರುತ್ತಿರಲಿಲ್ಲ.

ಹಳೆಯ ಒಂಬತ್ತು ರಂಧ್ರಗಳಲ್ಲಿ ನಾಲ್ಕು, ಜಾಗದ ಐದನೇ ಒಂದು ಭಾಗವಾದ ತಗ್ಗಿನಲ್ಲೇ ಇದ್ದವು. ಪ್ರತಿಯೊಂದು ರಂಧ್ರದ ಅಳತೆಯೂ ಹೆಚ್ಚುಕಡಿಮೆ ಸರಿಯೇ ಇತ್ತು. ಅವುಗಳನ್ನು ಕೂಡಿ ಒಂಬತ್ತರಿಂದ ಭಾಗಿಸಿದ್ದೇ ತಪ್ಪು.

ಒಳಮಣ್ಣಿನ ಕತೆ ಬೇರೆ. ತಗ್ಗಿನಲ್ಲಿ 60 ಸೆಂಟಿಮೀಟರ್, ಸಮತಟ್ಟಿನಲ್ಲಿ 35 ಸೆಂಟಿಮೀಟರ್ ರೇವೆಮಣ್ಣು (ಮರಳಿಗಿಂತ ನಯ, ಜೇಡಿಗಿಂತ ಒರಟು ಕಣಗಳ ಮಣ್ಣು) ಸಿಕ್ಕಿತು. ಕಲ್ಲು ಬಹಳ ಕಡಿಮೆ, ರಸಸಾರ 7.4, ಉಪ್ಪಿನ ತೊಂದರೆ ಇಲ್ಲ. ದಿಬ್ಬದಲ್ಲಿ ಒಳಮಣ್ಣೇ ಇಲ್ಲ. ಒಟ್ಟು 18,750 ಘನ ಮೀಟರ್. ನಷ್ಟ ಕಳೆದು ಹರಡಿದರೆ 28 ಸೆಂಟಿಮೀಟರ್. ನಾನು ತ್ಯಾಜ್ಯವೆಂದು ಬದುವಿಗೆ ಕಳಿಸಲು ಹೊರಟಿದ್ದದ್ದು ಇದನ್ನೇ.

ಮಣ್ಣು ವಿಶ್ಲೇಷಕಿ:

ಈಗ ಬೇರಿನ ವಲಯವನ್ನು ಲೆಕ್ಕ ಹಾಕಿ. 19 ಮತ್ತು 28 ಸೇರಿ 47 ಸೆಂಟಿಮೀಟರ್. ಮೇಲ್ಮಣ್ಣೊಂದೇ ಇದ್ದರೆ 22 ಮಿಲಿಮೀಟರ್ ನೀರು ಹಿಡಿಯುತ್ತಿತ್ತು. ಎರಡೂ ಸೇರಿದರೆ 55 ಮಿಲಿಮೀಟರ್ ದಾಟುತ್ತದೆ. ನೆಲದೊಡೆಯರು ಹೇಳಿದ ಒಣಗುವ ವಾರ ಎರಡು ವಾರಕ್ಕೆ ಹತ್ತಿರವಾಗುತ್ತದೆ. ಮೇಲ್ಮಣ್ಣನ್ನು ಇನ್ನೆಷ್ಟು ಜೋಪಾನವಾಗಿ ಸುಲಿದಿದ್ದರೂ ಈ ಲಾಭ ಸಿಗುತ್ತಿರಲಿಲ್ಲ.

ಯಂತ್ರ ಗುತ್ತಿಗೆದಾರ:

ಹಾಗಾದರೆ ಎರಡನ್ನೂ ಒಟ್ಟಿಗೆ ಸುಲಿದು ಒಂದೇ ರಾಶಿ ಮಾಡಿದರೆ ಏನು ತೊಂದರೆ? ಕೆಲಸ ಅರ್ಧವಾಗುತ್ತದೆ, ಖರ್ಚೂ ಕಡಿಮೆ.

ಮಣ್ಣು ವಿಶ್ಲೇಷಕಿ:

ತೊಂದರೆ ಇದೆ. ನಿಮ್ಮ 12 ಸಾವಿರ ಘನ ಮೀಟರಿನಲ್ಲಿರುವ ಸಾವಯವ ಅಂಶ ಸುಮಾರು 30 ಸಾವಿರದಲ್ಲಿ ಕರಗಿಹೋಗುತ್ತದೆ. ಮೊಳಕೆಯೊಡೆಯುವ ಮೇಲ್ಪದರದಲ್ಲಿ ರೇವೆ ಹೆಚ್ಚಾಗಿ, ಮೊದಲ ಮಳೆಗೇ ಹೆಪ್ಪುಗಟ್ಟುತ್ತದೆ; ಹೆಪ್ಪಿನ ಕೆಳಗೆ ಬಿದ್ದ ಬೀಜ ಮೇಲೆ ಬರುವುದು ಕಷ್ಟ. ಬೇರೆ ದಾರಿಯೇ ಇಲ್ಲದ ತೆಳು ದಿಬ್ಬದಲ್ಲಾದರೆ ಎರಡು ಪದರಗಳನ್ನು ಬೆರೆಸುವುದನ್ನು ನಾನು ಒಪ್ಪಿದ್ದೇನೆ, ಆದರೆ ನಿಮ್ಮ ದಿಬ್ಬದಲ್ಲಿ ಬೆರೆಸಲು ಒಳಮಣ್ಣೇ ಇಲ್ಲ.

ಯಂತ್ರ ಗುತ್ತಿಗೆದಾರ:

ಸರಿ, ಒಪ್ಪಿದೆ. ಆದರೆ ಎರಡು ರಾಶಿಗೆ ಜಾಗ ಎಲ್ಲಿ? ಸುಲಿದ ಮಣ್ಣು ಸಡಿಲವಾಗಿ ಕಾಲು ಭಾಗ ಉಬ್ಬುತ್ತದೆ. ಮೇಲ್ಮಣ್ಣೊಂದೇ ಸುಮಾರು 16,000 ಘನ ಮೀಟರ್ ಆಗುತ್ತದೆ. ಎರಡು ಮೀಟರ್ ಎತ್ತರ, ಇಳಿಜಾರು ಬದಿಗಳೆಂದರೆ ಅದಕ್ಕೇ ಒಂದು ಹೆಕ್ಟೇರ್ ಬೇಕು. ಒಳಮಣ್ಣಿನ ರಾಶಿಯನ್ನು ಇನ್ನಷ್ಟು ಎತ್ತರ ಮಾಡಬಹುದೇ?

ಮಣ್ಣು ವಿಶ್ಲೇಷಕಿ:

ಮಾಡಬಹುದು. ಒಳಮಣ್ಣಿನಲ್ಲಿ ಉಳಿಸಿಕೊಳ್ಳಬೇಕಾದ ಜೀವ ಕಡಿಮೆ, ಆದ್ದರಿಂದ ಮೂರರಿಂದ ನಾಲ್ಕು ಮೀಟರಿಗೆ ಅಭ್ಯಂತರವಿಲ್ಲ. ಆದರೆ ಅದನ್ನು ಹಾಕುವ ಜಾಗದ ಮೇಲ್ಮಣ್ಣನ್ನು ಮೊದಲು ಸುಲಿದಿರಬೇಕು. ಮೇಲ್ಮಣ್ಣಿನ ರಾಶಿಯನ್ನು ಮಾತ್ರ ಮೇಲ್ಮಣ್ಣಿನ ಮೇಲೆಯೇ ಹಾಕಬಹುದು.

ನೆಲದೊಡೆಯ:

ನನ್ನದೊಂದು ಕೋರಿಕೆ. 47 ಸೆಂಟಿಮೀಟರ್ ಹರಡುವ ಮುನ್ನ ತಳವನ್ನು ಸೀಳಿಸಿ.

ಗಣಿ ಯೋಜಕ:

ಸೇರಿಸಿದ್ದೇನೆ. ತಳವನ್ನು 50 ಸೆಂಟಿಮೀಟರ್ ಆಳಕ್ಕೆ, ಒಣಗಿದ್ದಾಗ ಮಾತ್ರ, ಇಳಿಜಾರಿಗೆ ಅಡ್ಡಲಾಗಿ ಸೀಳಬೇಕು, ನಂತರ ಒಳಮಣ್ಣನ್ನು ಟಿಪ್ಪರಿನಿಂದ ಸಡಿಲವಾಗಿ ಸುರಿದು, ಎಕ್ಸ್‌ಕವೇಟರಿನಿಂದಲೇ ಎಳೆದು ಹರಡಬೇಕು, ಹರಡಿದ ಭಾಗದ ಮೇಲೆ ಚಕ್ರ ಹೋಗಬಾರದು, ಕೊನೆಗೆ ಮೇಲ್ಮಣ್ಣು. ಬದಿಯ ಇಳಿಜಾರುಗಳನ್ನು ಒಂದಕ್ಕೆ ಮೂರರ ಪ್ರಮಾಣಕ್ಕೆ, ಅಂದರೆ ಒಂದು ಮೀಟರ್ ಎತ್ತರಕ್ಕೆ ಮೂರು ಮೀಟರ್ ಅಡ್ಡಳತೆ ಬರುವಂತೆ, ತಗ್ಗಿಸುತ್ತೇವೆ. ಬದುವಿಗೆ ಮಣ್ಣಿನ ಬದಲು ಮಾರಾಟಕ್ಕೆ ಬಾರದ ದಪ್ಪಗಲ್ಲನ್ನು ಬಳಸುತ್ತೇವೆ. ಜಲ್ಲಿ ತೊಳೆದ ಕೊಳದ ತಳದಲ್ಲಿ ಕೂರುವ ಕೆಸರನ್ನು ಒಳಮಣ್ಣಿಗೆ ಸೇರಿಸಬಹುದೇ ಎಂಬ ಪ್ರಶ್ನೆಯೂ ಬಂದಿತ್ತು.

ಮಣ್ಣು ವಿಶ್ಲೇಷಕಿ:

ಅವಸರ ಬೇಡ. ಅದು ಒಣಗಲು ವರ್ಷಗಳೇ ಹಿಡಿಯಬಹುದು, ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಕೆಸರಾಗಿಯೇ ಇರುತ್ತದೆ, ಯಂತ್ರ ಹೂತುಹೋಗುವ ಅಪಾಯವಿದೆ. ಪೂರ್ತಿ ಒಣಗಿದ ಮೇಲೆ ಮರಳಿನೊಂದಿಗೆ ಬೆರೆಸಿ ದಿಬ್ಬದ ಭಾಗದಲ್ಲಿ ಪ್ರಯೋಗ ಮಾಡಿ ನೋಡಿ.

ಗಣಿ ಯೋಜಕ:

ಮೊದಲ ಪಟ್ಟಿಯನ್ನು ನಿನ್ನೆ ಸುಲಿದೆವು. ಪ್ರತಿ 25 ಮೀಟರಿಗೆ ಒಂದರಂತೆ ಗೂಟ ನೆಟ್ಟು, ಆ ಜಾಗದ ಮೇಲ್ಮಣ್ಣಿನ ಆಳವನ್ನು ಗೂಟದ ಮೇಲೆಯೇ ಬಣ್ಣದಲ್ಲಿ ಬರೆದಿದ್ದೆವು. ಸಮತಟ್ಟಿನಿಂದ ದಿಬ್ಬಕ್ಕೆ ಏರುವ ಕಡೆ ಗೂಟದಲ್ಲಿ 18 ಎಂದಿತ್ತು, ನೆಲದಲ್ಲಿ 13ಕ್ಕೇ ಜಲ್ಲಿ ಕಾಣಿಸಿತು. ಚಾಲಕ ಗೂಟವನ್ನು ನೋಡದೆ ಮಣ್ಣನ್ನು ನೋಡಿ ಬಕೆಟ್ ಎತ್ತಿದ. ಆ ಗೂಟಗಳ ಅಂಕಿಗಳನ್ನು ಈಗ ತಿದ್ದುತ್ತಿದ್ದೇವೆ. ರಾಶಿಯ ಅಳತೆ ಮುಗಿದ ಕೂಡಲೇ 11,200ಕ್ಕೂ ಅದಕ್ಕೂ ಎಷ್ಟು ಅಂತರ ಬಂತೆಂದು ಇಲ್ಲಿಯೇ ಬರೆಯುತ್ತೇನೆ.